ಒಂದೂವರೆ ಹಿಡಿ

ಶನಿವಾರ ಮಧ್ಯಾಹ್ನ ನನ್ನ ಕೆಲಸ ಇಷ್ಟೇ:
ಬೆನ್ನಿಗೆ ಬಿದಿರುಬುಟ್ಟಿ, ಹಣೆಗೆ ಅದರ ಪಟ್ಟಿ,
ಬೆಟ್ಟದ ಏಣಿನ ಮೇಲೆ ಸಾಲಾಗಿ ಕೂತ ಮನೆಗಳ ಮುಂದೆ ನಿಂತು
"ಹಿಡಿಯಕ್ಕಿ" ಎಂದು ಕೂಗುವುದು.
ಚರ್ಚಿನ ಹಿಂಬದಿಯಲ್ಲಿ ಕೊಕ್ಕೆತಕ್ಕಡಿಗೆ ಸಿಕ್ಕಿಸಿ
ಗೆರೆ ಎಳೆದ ಪುಸ್ತಕದಲ್ಲಿ ಬರೆಯುವುದು:
ಮನೆ ನಂಬರು. ಹೆಸರು. ತೂಕ.

ನಮ್ಮ ಮಿಜೋ ಹೆಂಗಸರು ಎಸರಿಗೆ ಅಕ್ಕಿ ಹಾಕುವ ಮೊದಲು
ಅಳೆದಿಟ್ಟದ್ದರಿಂದಲೇ ಒಂದು ಹಿಡಿ ತೆಗೆದು
ಡಬ್ಬಿಗೆ ಸುರಿಯುತ್ತಾರೆ. ಬೆಳಗ್ಗೆ ಒಂದು, ಸಂಜೆ ಒಂದು.
ಬಾಯಿಬಿಟ್ಟು ಯಾರೂ ಪ್ರಾರ್ಥಿಸುವುದಿಲ್ಲ ಆಗ.
ಕಾಳು ತಗಡಿಗೆ ಬೀಳುವ ಸದ್ದೇ ಆಮೆನ್.

ನನ್ನಜ್ಜಿ ದಾರ್ಖುಮಿಗೆ ಬಲಗೈಯಲ್ಲಿ ಮೂರೇ ಬೆರಳು.
ಕುಮರಿ ಸವರುವಾಗ ಕತ್ತಿ ಜಾರಿತ್ತಂತೆ,
ನನ್ನಪ್ಪ ಹುಟ್ಟುವ ಮುಂಚೆ.
ಅವಳ ಹಿಡಿ ಸಣ್ಣದು, ಸಂದಿಯಲ್ಲಿ ಸೋರುವಂಥದ್ದು.
ಒಂದು ಹಿಡಿ ಹಾಕಿ, ಕೊಂಚ ತಡೆದು,
ಮತ್ತರ್ಧ ಹಾಕುವಳು:
"ನನ್ನ ಬೆರಳು ಹೋದದ್ದಕ್ಕೆ ದೇವರಿಗ್ಯಾಕೆ ನಷ್ಟ?"

ಬಿದಿರು ಹೂಬಿಟ್ಟ ವರ್ಷ ಇಲಿಗಳು ಬಂದವು.
ಸಂಜೆ ತೆನೆ ಇದ್ದ ಇಳಿಜಾರು ಬೆಳಗ್ಗೆ ಬರೀ ಹುಲ್ಲು.
ಕಾಡುಗೆಡ್ಡೆ ಅಗೆದು ತಂದು ಬೇಯಿಸಿ ತಿಂದೆವು,
ನಾಲಗೆ ತುರಿಸುತ್ತಿತ್ತು.
ಅಜ್ಜಿ ಅದನ್ನೇ ಚೂರು ಮಾಡಿ, ಒಣಗಿಸಿ,
ಡಬ್ಬಿಗೆ ಹಾಕಿದಳು. ಒಂದೂವರೆ ಹಿಡಿ.

ನಾನು ಲೆಕ್ಕ ಬಲ್ಲ ಹುಡುಗ. ಹಸಿದ ಹುಡುಗ ಕೂಡ.
"ಹಿಡಿಯೆಂದರೆ ನಲವತ್ತು ಗ್ರಾಂ, ಅಜ್ಜಿ.
ಇದರಲ್ಲಿ ಯಾರ ಹೊಟ್ಟೆ ತುಂಬುತ್ತೆ?"
ಐದು ರೊಟ್ಟಿ, ಎರಡು ಮೀನಿನ ಮಾತು ತೆಗೆಯಬಹುದಿತ್ತು ಅವಳು.
ತೆಗೆಯಲಿಲ್ಲ.
ಹೊಗೆಗೆ ಕಣ್ಣೊರೆಸಿಕೊಂಡು ಒಲೆ ಊದಿದಳು.

ಅವಳು ಹೋದಮೇಲೂ ನಾನು ಬುಟ್ಟಿ ಹೊತ್ತೆ,
ನಂಬಿಕೆಯಿಂದ ಅಂತ ಹೇಳಲಾರೆ.
ಬಿಡುವುದಕ್ಕೆ ಸರಿಯಾದ ಶನಿವಾರ ಸಿಗಲಿಲ್ಲ, ಅಷ್ಟೆ.

ಆಮೇಲೊಂದು ರಾತ್ರಿ ತಿಯಾವು ಹೊಳೆಯಾಚೆಯ ಗುಡ್ಡ
ಕುಮರಿಯ ಕಾಲವಲ್ಲದ ಕಾಲದಲ್ಲಿ ಉರಿಯಿತು.
ಬೆಳಕು ಹರಿಯುವಷ್ಟರಲ್ಲಿ ಶಾಲೆಯ ಅಂಗಳ ತುಂಬಾ
ಒದ್ದೆ ಬಟ್ಟೆಯ ಜನ, ಮಂಡಿಯುದ್ದಕ್ಕೂ ಕೆಸರು,
ಒಬ್ಬಳ ಕಂಕುಳಲ್ಲಿ ಕೋಳಿ, ಒಬ್ಬನ ಕೈಯಲ್ಲಿ ಬರಿಯ ಬೀಗದಕೈ.

ಉಗ್ರಾಣದಲ್ಲಿ ಹನ್ನೊಂದು ಮೂಟೆ ಹಿಡಿಯಕ್ಕಿ ಇತ್ತು,
ಮಾರಿ ಚರ್ಚಿಗೆ ಹೊಸ ತಗಡು ಹೊದಿಸಲೆಂದು.
ಹಿರಿಯ ಸಾಂಗ್ವುಂಗ ತಲೆಯೆತ್ತಿ ಸೂರು ನೋಡಿದ,
ತೂತುಗಳನ್ನು ಎಣಿಸಿದನೋ ಏನೋ.
"ಇನ್ನೊಂದು ಮಳೆ ಸೋರಲಿ ಬಿಡಿ," ಅಂದ.
ಸಭೆ ಅಲ್ಲಿಗೆ ಮುಗಿಯಿತು.

ನೂರಾರು ಮನೆಯ ಅಕ್ಕಿ ಒಂದೇ ಹಂಡೆಯಲ್ಲಿ:
ಕೆಂಪು, ಬಿಳಿ, ನುಚ್ಚು, ರೇಷನ್ನಿನ ಮುಗ್ಗಲು,
ಅಂಟಕ್ಕಿಯೂ ಅಲ್ಲಲ್ಲಿ.
ಒಂದು ಬೆಂದು ಮುದ್ದೆಯಾದರೆ ಇನ್ನೊಂದು ಹಲ್ಲಿಗೆ ಕಲ್ಲು.
ಯಾರೂ ದೂರಲಿಲ್ಲ. ಪುಟ್ಟ ಹುಡುಗಿಯೊಬ್ಬಳು
ಗಟ್ಟಿ ಕಾಳನ್ನು ಬೆರಳಲ್ಲಿ ತೆಗೆದು ನೋಡಿ
ಮತ್ತೆ ಬಾಯಿಗೆ ಹಾಕಿಕೊಂಡಳು.

ಆ ಶನಿವಾರ ಶಾಲೆಯ ಮುಂದೆ
ಕೂಗದೆ, ತಲೆತಗ್ಗಿಸಿ ದಾಟುತ್ತಿದ್ದೆ.
"ನಮ್ಮನ್ನು ಬಿಟ್ಟು ಹೊರಟೆಯಲ್ಲ!"
ಹೊಳೆಯಾಚೆಯ ದನಿ. ತಿಯಾಲ್ ಪಾರ್ ಅವಳ ಹೆಸರು.
ಕೈಯಲ್ಲಿ ಹಾಲಿನಪುಡಿಯ ಡಬ್ಬಿ,
ನಾವು ಕೊಟ್ಟ ಅಕ್ಕಿಯಿಂದಲೇ ಹೊತ್ತುಹೊತ್ತಿಗೆ ತೆಗೆದಿಟ್ಟದ್ದು.
"ನಮ್ಮಲ್ಲೂ ಇಡುತ್ತೇವೆ. ಹಳೆಯ ಡಬ್ಬಿ ಅಲ್ಲೇ ಉಳಿಯಿತು,
ಉರಿಯುವ ಮನೆಯಲ್ಲಿ."

ಬೇಡ ಅನ್ನಲು ಬಾಯಿ ತೆರೆದೆ.
ಬೇಡ ಅನ್ನಲು ನಾನು ಯಾರು?

ಚರ್ಚಿನ ಹಿಂದೆ ಪುಸ್ತಕ ಬಿಚ್ಚಿದೆ.
ಮನೆ ನಂಬರಿನ ಜಾಗ ಖಾಲಿ ಬಿಟ್ಟೆ.
ಹೆಸರು ಬರೆದೆ.
ಕೊಕ್ಕೆಗೆ ಸಿಕ್ಕಿಸಿ ಎತ್ತಿದರೆ
ತಕ್ಕಡಿಯ ಮುಳ್ಳು ನಿಲ್ಲದೆ ನಡುಗುತ್ತಿತ್ತು,
ಅಥವಾ ಅದನ್ನು ಹಿಡಿದ ನನ್ನ ಕೈ.
ಕಾದೆ.